ಕಿವಿ ಟೀಚರ್

ಆ ಮನೆಯವರು ಮಾತಾಡಿದರೆ ಬೀದಿಗೆಲ್ಲ ಜಗಳ ಕೇಳಿಸಿದ ಹಾಗಾಗುತ್ತಿತ್ತು. ಹೊಸದಾಗಿ ಪಕ್ಕಕ್ಕೆ ಬಾಡಿಗೆಗೆ ಬಂದವರು ಮೊದಮೊದಲು ಕಿಟಕಿ ಸಂದಿಯಲ್ಲಿ ನಿಂತು, "ಪಾಪ, ಒಳ್ಳೆ ಜನ ಕಣೇ, ಆದ್ರೆ ದಿನಾ ಕಿತ್ತಾಡ್ತಾರೆ" ಅಂತ ಮರುಗುತ್ತಿದ್ದರು. ಆಮೇಲಾಮೇಲೆ ತಿಳಿಯುತ್ತಿತ್ತು, ಅಪ್ಪ ಕಿರುಚಿದ್ದು "ಚಹಾ ಆಯ್ತಾ?" ಅಂತ, ಅಮ್ಮ ತಿರುಗಿ ಕಿರುಚಿದ್ದು "ಹಾಲು ಕಾಯ್ತಾ ಇದೆ" ಅಂತ. ಅಷ್ಟೇ ಸಮಾಚಾರ.

ಕೆಳಗೆ ಮಗ್ಗದ ಶೆಡ್ಡು, ಮೇಲೆ ಇವರ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಲು ಒಂದಿಷ್ಟು ತಾರಸಿ. ಕರೆಂಟಿನ ಮಗ್ಗಗಳು ಎರಡು ಪಾಳಿಯಲ್ಲಿ ಬಡಿದುಕೊಳ್ಳುತ್ತಿದ್ದವು. ನೆಲಕ್ಕೆ ಕಾಲಿಟ್ಟರೆ ಅಂಗಾಲಲ್ಲಿ ಇರುವೆ ಹರಿದ ಹಾಗೆ. ಗೋಡೆಗೆ ನೇತುಹಾಕಿದ ಕನ್ನಡಿ ವಾರಕ್ಕೊಮ್ಮೆಯಾದರೂ ವಾಲಿಕೊಳ್ಳುತ್ತಿತ್ತು. ಕರೆಂಟು ಹೋದರೆ ಬೇರೆ ಮನೆಗಳಲ್ಲಿ ಮಕ್ಕಳು ಕತ್ತಲಿಗೆ ಹೆದರಿ ಅಳುತ್ತವೆ. ಈ ಮನೆಯ ಇಬ್ಬರು ಹೆಣ್ಣುಮಕ್ಕಳು ಚಿಕ್ಕವರಿದ್ದಾಗ ನಿಶ್ಶಬ್ದಕ್ಕೆ ಹೆದರಿ ಎದ್ದು ಕೂರುತ್ತಿದ್ದರು.

ಅಪ್ಪ ಮಗ್ಗದ ಮಿಸ್ತ್ರಿ. ಅಮ್ಮ ಕಂಡಿಕೆಗೆ ನೂಲು ಸುತ್ತುವವಳು. ಮನೆ ಮಗ್ಗದ ಮಾಲೀಕನದು. ಅಪ್ಪ ಕೆಲಸದಲ್ಲಿ ಇರುವ ತನಕ ಬಾಡಿಗೆ ಇಲ್ಲ, ಕೆಲಸ ಹೋದರೆ ಮನೆಯೂ ಹೋಯಿತು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹಿರಿಮಗಳನ್ನು ಮನೆಯಲ್ಲಿ ದೊಡ್ಡವಳು ಅಂತಲೂ ಕಿರಿಮಗಳನ್ನು ಚಿಕ್ಕವಳು ಅಂತಲೂ ಕರೆಯುತ್ತಿದ್ದರು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿದ್ದರೂ ಬೀದಿಗೆ ಅವರು ದೊಡ್ಡವಳು, ಚಿಕ್ಕವಳು.

ದೊಡ್ಡವಳು ಓದಿನಲ್ಲಿ ಚುರುಕು. ಕಾಲೇಜಿನಲ್ಲಿ ಪರಿಸರ ಆರೋಗ್ಯ ಅನ್ನುವ ವಿಷಯ ತೆಗೆದುಕೊಂಡಳು. ಆಸೆಪಟ್ಟು ತೆಗೆದುಕೊಂಡದ್ದೇನಲ್ಲ, ಅದರಲ್ಲಿ ಸೀಟು ಖಾಲಿ ಇತ್ತು. ಆದರೆ ಎರಡನೇ ವರ್ಷದ ಹೊತ್ತಿಗೆ ಅದರ ರುಚಿ ಹತ್ತಿತು. ಹೊಗೆ, ಧೂಳು, ನೀರು, ಸದ್ದು, ಇವು ಮನುಷ್ಯರ ಮೈಯೊಳಗೆ ಹೊಕ್ಕು ಏನು ಮಾಡುತ್ತವೆ, ಅದನ್ನು ಜನರಿಗೆ ಬೋರು ಹೊಡೆಸದೆ ಹೇಗೆ ತಿಳಿಸಬೇಕು ಅನ್ನುವುದೇ ಪಾಠ. ಪದವಿ ಮುಗಿದ ಮೇಲೆ ಮೇಷ್ಟ್ರೊಬ್ಬರು ಕರೆದು, ಹೊರದೇಶದ ಸಂಸ್ಥೆಯೊಂದು ಹೊಸ ಪದವೀಧರರನ್ನು ಒಂದು ವರ್ಷದ ಇಂಟರ್ನ್‌ಶಿಪ್ಪಿಗೆ ಕರೆಸಿಕೊಳ್ಳುತ್ತದೆ, ಅರ್ಜಿ ಹಾಕು ಅಂದರು. ಅವಳು ಮಗ್ಗದ ಶೆಡ್ಡಿನ ಬಗ್ಗೆ ಬರೆದಳು. ಆಯ್ಕೆಯಾಗಿಬಿಟ್ಟಳು.

ಸುದ್ದಿ ಹೇಳಿದಾಗ ಅಪ್ಪ ಕಿವಿಗೆ ಕೈ ಅಡ್ಡ ಹಿಡಿದು, "ಷಿಪ್ಪಾ? ಹಡಗಲ್ಲಿ ಯಾಕೆ ಹೋಗ್ತೀಯೇ? ವಿಮಾನಕ್ಕೆ ಕಳಿಸೋಕಾಗಲ್ವಂತಾ ಅವರಿಗೆ?" ಅಂದ.

"ಹಡಗಲ್ಲಪ್ಪಾ! ಕೆಲಸ ಕಲಿಯೋಕೆ!"

"ಹಡಗಿನ ಕೆಲಸ ಹೆಣ್ಣುಮಕ್ಕಳಿಗೆ ಯಾಕೆ?"

ಚಿಕ್ಕವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೆ ಆಗ ಹದಿನೇಳು, ಬಾಯಿ ಮುಚ್ಚಿದ್ದು ಯಾರೂ ಕಂಡವರಿಲ್ಲ. ಅಕ್ಕನ ಪೆಟ್ಟಿಗೆ ಮೇಲೆ ಕೂತು, "ನೀನು ಅಲ್ಲೇ ಸೆಟ್ಲಾಗು, ಆಮೇಲೆ ನನ್ನನ್ನೂ ಕರೆಸ್ಕೋ. ಈ ಗಡಗಡ ಮನೇಲಿ ನನ್ನ ಬಿಟ್ಟುಬಿಟ್ಟೀಯಾ ಮತ್ತೆ" ಅಂದಳು. "ಆಯ್ತು ಕಣೇ" ಅಂದಳು ದೊಡ್ಡವಳು. ತಮಾಷೆಗೆ ಅಂದದ್ದಲ್ಲ ಅದು.

ಆ ಸಂಸ್ಥೆಯ ಕಚೇರಿ ನಾಲ್ಕನೇ ಮಹಡಿಯಲ್ಲಿತ್ತು. ನೆಲಕ್ಕೆಲ್ಲ ದಪ್ಪ ಜಮಖಾನೆ, ನಡೆದರೆ ಹೆಜ್ಜೆಯ ಸದ್ದೂ ಇಲ್ಲ. ಬೇರೆ ಬೇರೆ ದೇಶಗಳಿಂದ ಬಂದ ಹುಡುಗ ಹುಡುಗಿಯರು ಒಂದೇ ಉದ್ದನೆಯ ಮೇಜಿಗೆ ಕೂರುತ್ತಿದ್ದರು. ಒಬ್ಬನಿಗೆ ಒಲೆಯ ಹೊಗೆ, ಒಬ್ಬಳಿಗೆ ಕುಡಿಯುವ ನೀರು, ಇವಳಿಗೆ ಸದ್ದು. ಮರಗೆಲಸದ ಶೆಡ್ಡು, ಬಾಟಲಿ ತುಂಬುವ ಕಾರ್ಖಾನೆ, ತಗಡು ಬಡಿಯುವ ಅಂಗಡಿ, ಇಂಥ ಕಡೆ ಹೋಗಿ ಕೆಲಸಗಾರರ ಬಿಡುವಿನ ಹೊತ್ತಲ್ಲಿ ಕಿವಿಯ ಬಗ್ಗೆ ಮಾತಾಡಬೇಕು, ಕಿವಿಗೆ ಹಾಕುವ ಸ್ಪಂಜಿನ ಬಿರಡೆಯನ್ನು ಹೇಗೆ ಹೊಸೆದು ತೂರಿಸಬೇಕು ಅಂತ ತೋರಿಸಬೇಕು. ಮೇಲ್ವಿಚಾರಕಿ ಎತ್ತರದ ಹೆಂಗಸು, ಮೆಲುಮಾತಿನವಳು. ಮೊದಲ ತಿಂಗಳಲ್ಲೇ, "ನೀನು ಹುಟ್ಟಿದ್ದೇ ಈ ಕೆಲಸಕ್ಕೆ" ಅಂದಳು. ಗರಗಸ ಓಡುತ್ತಿರುವಾಗಲೂ ಇವಳು ಆಚೆ ತುದಿಯ ಬಡಗಿಯ ತುಟಿ ನೋಡಿ ಅವನು ಹೇಳಿದ್ದು ಗ್ರಹಿಸಿಬಿಡುತ್ತಿದ್ದಳು. ಉಳಿದವರಿಗೆ ಅದೊಂದು ಜಾದೂ. ಇವಳಿಗೆ ಅದು ಅಮ್ಮನ ಜೊತೆ ಮಾತಾಡುವ ರೀತಿ.

ಕಷ್ಟವಾಗಿದ್ದು ಕಚೇರಿಯೊಳಗೆ. ಅಲ್ಲಿಯವರು ಮಾತಾಡಿದರೆ ಅರ್ಧ ತಿಳಿಯುತ್ತಿತ್ತು, ಅರ್ಧ ಗಾಳಿಗೆ ಹೋಗುತ್ತಿತ್ತು. ಪರಭಾಷೆ, ಅವರ ಉಚ್ಚಾರಣೆಯೇ ಹಾಗೆ, ನುಂಗಿ ನುಂಗಿ ಮಾತಾಡ್ತಾರೆ ಅಂದುಕೊಂಡಳು. ತಿಳಿಯದಿದ್ದಾಗ ಮುಖದಲ್ಲಿ ನಗು ತಂದುಕೊಂಡು ತಲೆಯಾಡಿಸುವುದು ರೂಢಿಯಾಯಿತು. ವಸತಿಯಲ್ಲಿ ಎಲ್ಲರಿಗೂ ಒಂದೇ ಅಡುಗೆಮನೆ. ಅಲ್ಲಿಯ ಓವನ್ನು ಅಡುಗೆ ಆದ ಮೇಲೆ ಕುಯ್ಯೋ ಅಂತ ಕೂಗುತ್ತಂತೆ. ಇವಳು ಅದರ ಪಕ್ಕದಲ್ಲೇ ನಿಂತು ಪಾತ್ರೆ ತೊಳೆಯುತ್ತಿರುವಾಗ ಒಬ್ಬಳು ದಡದಡ ಬಂದು ಸ್ವಿಚ್ ಆರಿಸಿ, "ತಲೆ ಸಿಡೀತಿದೆ, ಕೇಳಿಸಲ್ವಾ ನಿನಗೆ?" ಅಂದಳು. ಈ ಜನ ಎಷ್ಟು ನಾಜೂಕಪ್ಪಾ ಅಂತ ಇವಳು ಒಳಗೊಳಗೇ ನಕ್ಕಳು.

ಸಂಸ್ಥೆಯ ಹತ್ತಿರ ಒಂದು ವ್ಯಾನಿತ್ತು. ಅದರೊಳಗೆ ಒಬ್ಬರು ಕೂರುವಷ್ಟು ಪೆಟ್ಟಿಗೆಯಂಥ ಕೋಣೆ, ಕಿವಿ ಪರೀಕ್ಷೆಗೆ. ಇಂಟರ್ನ್‌ಗಳು ಊರೂರಿಗೆ ಅದನ್ನು ಕೊಂಡೊಯ್ಯುವ ಮುಂಚೆ ತಾವೇ ಒಮ್ಮೆ ಕೂತು ಕಲಿಯಬೇಕಿತ್ತು. ಇವಳ ಸರದಿ ಬಂತು. ಬಾಗಿಲು ಹಾಕಿದರು. ಅಂಥ ನಿಶ್ಶಬ್ದ ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕೈಯಲ್ಲಿ ಗುಂಡಿ, ಸದ್ದು ಕೇಳಿದ ಕೂಡಲೇ ಒತ್ತಬೇಕು. ದಪ್ಪ ದನಿಗಳು ಒಂದೆರಡು ಬಂದವು, ಒತ್ತಿದಳು. ಆಮೇಲೆ ಕಾದಳು. ಇನ್ನೂ ಕಾದಳು. ಟೆಕ್ನಿಷಿಯನ್ನು, ವಯಸ್ಸಾದ ಬೋಳುತಲೆಯವನು, ಬಾಗಿಲು ತೆರೆದ.

"ಯಾಕೆ ಒತ್ತಲಿಲ್ಲ?"

"ಇನ್ನೂ ಶುರುವಾಗಲಿಲ್ಲವಲ್ಲ?"

ಅವನು ಅವಳ ಮುಖವನ್ನೇ ನೋಡಿದ. ಯಂತ್ರದ ತಿರುಪುಗಳನ್ನೆಲ್ಲ ಒಮ್ಮೆ ತಿರುಗಿಸಿ ಸರಿಪಡಿಸಿ ಮತ್ತೆ ಬಾಗಿಲು ಹಾಕಿದ. ಎರಡನೇ ಸಲವೂ ಅದೇ. ಹೊರಗೆ ಕರೆದು ಎದುರಿಗೆ ಕೂರಿಸಿಕೊಂಡು, ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದ. "ಎಲ್ಲಿ ಬೆಳೆದೆ ನೀನು?"

ಅವಳು ಹೇಳಿದಳು.

"ಹೋದದ್ದು ವಾಪಸ್ ಬರೋದಿಲ್ಲ ಮಗೂ. ನಿನ್ನ ವಯಸ್ಸಿಗೆ ಇದು ತುಂಬಾ ಜಾಸ್ತಿ. ಇನ್ನೂ ಇಳಿಯುತ್ತೆ. ಉಳಿದದ್ದನ್ನಾದರೂ ಕಾಪಾಡಿಕೋ. ಆ ಮನೇಲಿ ಮಾತ್ರ ಇರಬೇಡ."

ಆ ದಿನ ಸಾಯಂಕಾಲ ಅವಳು ಅಡುಗೆಮನೆಯಲ್ಲಿ ಓವನ್ನಿನ ಮುಂದೆ ನಿಂತಳು. ಖಾಲಿ ಓವನ್ನನ್ನೇ ಹಚ್ಚಿ, ಸಮಯ ಮುಗಿಯುವ ತನಕ ಕಿವಿ ಹತ್ತಿರ ಹಿಡಿದು ಕಾದಳು. ದೀಪ ಮಿಣುಕಿ ಮಿಣುಕಿ ಆರಿತು. ಅದು ಕೂಗುತ್ತಿತ್ತು ಅಂತ ಗೊತ್ತಾದದ್ದು ಪಕ್ಕದ ಕೋಣೆಯವಳು ಓಡಿ ಬಂದಾಗ.

ಮೇಲ್ವಿಚಾರಕಿ ಸುದ್ದಿ ಕೇಳಿ ನಿಜಕ್ಕೂ ನೊಂದುಕೊಂಡಳು, ಅಪ್ಪಿಕೊಂಡಳು. ಆಮೇಲೆ, "ನಿನ್ನ ಕಥೆ ಹೇಳಿದರೆ ಸಾವಿರ ಪೋಸ್ಟರಿಗೆ ಸಮ" ಅಂದಳು. ವಾರ್ಷಿಕ ಸಭೆಯಲ್ಲಿ ಇವಳು ವೇದಿಕೆ ಹತ್ತಿ ಮಗ್ಗದ ಮೇಲಿನ ಮನೆಯ ಕಥೆ ಹೇಳಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕಣ್ಣೊರೆಸಿಕೊಂಡವರೂ ಇದ್ದರು. ಇಷ್ಟು ಮರ್ಯಾದೆ ಕೊಟ್ಟವರು ಇನ್ನೊಂದು ವರ್ಷ ಉಳಿಸಿಕೊಂಡಾರು ಅಂತ ಅವಳಿಗೆ ಆಸೆ ಚಿಗುರಿತು. ಧೈರ್ಯ ಮಾಡಿ ಕೇಳಿಯೂ ಕೇಳಿದಳು.

"ಈ ಕಾರ್ಯಕ್ರಮ ಇರೋದೇ ಹೊಸ ಪದವೀಧರರಿಗೆ. ಒಂದು ವರ್ಷ ಆದಮೇಲೆ ನೀನು ಹೊಸಬಳಲ್ಲ" ಅಂದಳು ಮೇಲ್ವಿಚಾರಕಿ, ಅಷ್ಟೇ ಮೆಲ್ಲಗೆ. "ನಿನ್ನ ಜಾಗಕ್ಕೆ ಇನ್ನೊಬ್ಬರು ಬರ್ತಾರೆ. ಮತ್ತೆ, ಯೋಚನೆ ಮಾಡು, ನಿನ್ನ ಊರಿಗೇ ಅಲ್ವಾ ನೀನು ಹೆಚ್ಚು ಬೇಕಾಗಿರೋದು?"

ಅವಳು ಊರಿಗೆ ಬಂದಳು. ಕೈಯಲ್ಲಿ ಪ್ರಮಾಣಪತ್ರ, ಪೆಟ್ಟಿಗೆ ತುಂಬ ಸಂಸ್ಥೆಯವರು ಕೊಟ್ಟ ಬಿರಡೆಗಳು. ಅಮ್ಮ ಬಾಗಿಲಲ್ಲೇ ಕೆನ್ನೆ ಸವರಿ, ಬಡವಾಗಿದೀಯ ಅಂದಳು. ಅಪ್ಪ ಕುರ್ಚಿಯಲ್ಲಿ ಕೂತಿದ್ದ. ಹಗಲು ಹೊತ್ತಿನಲ್ಲಿ ಅಪ್ಪ ಕುರ್ಚಿಯಲ್ಲಿ ಕೂತದ್ದನ್ನು ಅವಳು ಹಿಂದೆ ನೋಡಿರಲಿಲ್ಲ.

"ಚಿಕ್ಕವಳೆಲ್ಲಿ? ಕಾಲೇಜಿಂದ ಬಂದಿಲ್ವಾ?"

ಅಮ್ಮ ನೆಲದ ಕಡೆ ಬೆರಳು ತೋರಿಸಿದಳು.

ದೊಡ್ಡವಳು ಮೆಟ್ಟಿಲು ಇಳಿದು ಶೆಡ್ಡಿನ ಬಾಗಿಲಿಗೆ ಬಂದಳು. ತಂಗಿ ಎರಡು ಮಗ್ಗಗಳ ನಡುವೆ ನಿಂತಿದ್ದಳು, ಕೂದಲ ತುಂಬ ಹತ್ತಿಯ ನವಿರು. ಅಕ್ಕನನ್ನು ಕಂಡ ಕೂಡಲೇ ಹಲ್ಲೆಲ್ಲ ಕಾಣುವ ಹಾಗೆ ನಕ್ಕು, ಪಾಳಿ ಮುಗಿದ ಮೇಲೆ ಬರ್ತೀನಿ ಅಂತ ತುಟಿಯಲ್ಲೇ ಹೇಳಿ, ಎಳೆ ಕಡಿದ ಮಗ್ಗದತ್ತ ತಿರುಗಿದಳು.

ಆದದ್ದಿಷ್ಟು. ಅಪ್ಪನ ಕಿವಿ ಪೂರ್ತಿ ಹೋಗಿತ್ತು. ಮಗ್ಗದ ಯಾವ ಭಾಗ ಸಡಿಲವಾಗಿದೆ ಅಂತ ಮಿಸ್ತ್ರಿಗೆ ಮೊದಲು ಹೇಳುವುದು ಕಿವಿಯೇ. ಮೂರ್ನಾಲ್ಕು ಸಲ ಎಡವಟ್ಟಾದ ಮೇಲೆ ಮಾಲೀಕ ಬೇರೆ ಮಿಸ್ತ್ರಿಯನ್ನು ತಂದ. ಹೊಸಬನಿಗೆ ಮನೆ ಬಿಟ್ಟುಕೊಡಬೇಕಾಗಿ ಬಂತು. ಆಗ ಅಮ್ಮ ಹೋಗಿ, ಮನೆಯಿಂದ ಒಬ್ಬರು ಮಗ್ಗದಲ್ಲಿ ನಿಲ್ಲುತ್ತಾರೆ, ನಮ್ಮನ್ನು ಎಬ್ಬಿಸಬೇಡಿ ಅಂತ ಕೇಳಿಕೊಂಡಳು. ಮಾಲೀಕ ಒಪ್ಪಿದ. ಚಿಕ್ಕವಳು ಕಾಲೇಜು ಬಿಟ್ಟಳು.

ಪಾಳಿ ಮುಗಿಸಿ ಬಂದ ತಂಗಿಯನ್ನು ದೊಡ್ಡವಳು ತಾರಸಿಗೆ ಎಳೆದುಕೊಂಡು ಹೋದಳು. "ಇಷ್ಟೆಲ್ಲ ಆಗಿದೆ, ನನಗೊಂದು ಮಾತು ಹೇಳಬಾರದಿತ್ತಾ? ನಾನು ಸತ್ತು ಹೋಗಿದ್ನಾ?"

ಚಿಕ್ಕವಳು ಕಣ್ಣರಳಿಸಿದಳು. "ಹೇಳಿದ್ನಲ್ಲಕ್ಕಾ!"

"ಯಾವಾಗ?"

"ಫೋನಲ್ಲಿ. ಅಮ್ಮ ಬೇಡ ಅಂದ್ರೂ ನಾನೇ ಹೇಳ್ದೆ. ಕಾಲೇಜು ಬಿಡಿಸ್ತಿದಾರೆ, ಮಗ್ಗಕ್ಕೆ ಹಾಕ್ತಾರಂತೆ, ನೀನು ಬೇಡ ಅಂದ್ರೆ ಹೋಗಲ್ಲ, ಏನು ಮಾಡ್ಲಿ ಹೇಳು ಅಂದೆ. ನೀನು, 'ಹೂಂ, ಒಳ್ಳೇದಾಯ್ತು, ಚೆನ್ನಾಗಿ ಮಾಡು' ಅಂದೆ. ನಗ್ತಾ ಅಂದೆ."

ದೊಡ್ಡವಳಿಗೆ ಆ ಕರೆ ನೆನಪಿತ್ತು. ಹಿಂದೆ ಮಗ್ಗದ ಗಡಗಡ, ನಡುವೆ ತಂಗಿಯ ದನಿ, 'ಕಾಲೇಜು' ಅನ್ನುವ ಒಂದು ಮಾತು. ಪರೀಕ್ಷೆಯ ಬಗ್ಗೆ ಹೇಳುತ್ತಿದ್ದಾಳೆ ಅಂದುಕೊಂಡಿದ್ದಳು. ಅವಳು ತಾರಸಿಯ ಕಟ್ಟೆ ಹಿಡಿದು ಕೂತಳು. ಎಲ್ಲವನ್ನೂ ಹೇಳಿದಳು. ವ್ಯಾನು, ಪೆಟ್ಟಿಗೆ, ಬೋಳುತಲೆಯವನು. ಚಿಕ್ಕವಳು ಮೊದಲು, "ನೀನೂ ಕಿವುಡಿಯಾ? ಹೋಗೇ!" ಅಂತ ನಕ್ಕಳು. ಅಕ್ಕನ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. "ಅಪ್ಪನಿಗೆ ಹೇಳಬೇಡ. ತನ್ನಿಂದಲೇ ಆಯ್ತು ಅಂತ ಕೊರಗ್ತಾನೆ" ಅಂದಳು.

ಮಾರನೇ ದಿನದಿಂದಲೇ ದೊಡ್ಡವಳು ಕೆಲಸಕ್ಕೆ ಇಳಿದಳು. ಸಂಬಳ ಕೊಡುವವರು ಯಾರೂ ಇಲ್ಲದ ಕೆಲಸ. ಮಾಲೀಕ ಕೆಟ್ಟವನೇನಲ್ಲ. "ಪುಕ್ಕಟೆ ಕೊಡ್ತೀಯಲ್ಲಮ್ಮ, ಬೇಡ ಅನ್ನೋಕೆ ನಾನ್ಯಾರು? ಮಗ್ಗ ಮಾತ್ರ ನಿಲ್ಲಿಸಬೇಡ" ಅಂದ. ಪಾಳಿ ಬದಲಾಗುವ ಹೊತ್ತಿನಲ್ಲಿ ಅವಳು ಬಾಗಿಲ ಹತ್ತಿರ ನಿಂತು, ಕಿವಿಯ ದೊಡ್ಡ ಚಿತ್ರ ಹಿಡಿದು ವಿವರಿಸುತ್ತಿದ್ದಳು. ಹೆಂಗಸರು ಅವಳಿಗೆ ಕಿವಿ ಟೀಚರ್ ಅಂತ ಹೆಸರಿಟ್ಟರು, ಬಿರಡೆಗೆ ಬತ್ತಿ ಅಂತ.

"ಈ ಬತ್ತಿ ಮನೇಲಿ ಹಾಕ್ಕೋಬಹುದಾ ಟೀಚರ್? ನಮ್ಮತ್ತೆ ಬಾಯಿ ತೆಗೆದಾಗ?"

"ನನಗಾಗಲೇ ಗಂಡ ಬೈದದ್ದು ಕೇಳಿಸಲ್ಲ. ಆ ಸುಖಾನೂ ಕಿತ್ಕೋಬೇಡ ತಾಯಿ."

ನಕ್ಕರೂ ತೆಗೆದುಕೊಂಡರು. ಮೊದಲು ಹಾಕಿಕೊಂಡವಳು ಚಿಕ್ಕವಳು. ಎಳೆ ಕಡಿದದ್ದು ತಿಳಿಯೋದಿಲ್ಲ, ತಲೆ ನೀರೊಳಗೆ ಮುಳುಗಿಸಿದ ಹಾಗಿರುತ್ತೆ ಅಂತ ಗೊಣಗುತ್ತಲೇ ಹಾಕಿಕೊಂಡಳು. ಅವಳನ್ನು ನೋಡಿ ಇನ್ನಿಬ್ಬರು, ಅವರನ್ನು ನೋಡಿ ಮತ್ತೊಂದಿಷ್ಟು ಜನ. ಬಟ್ಟೆಯಲ್ಲಿ ತಪ್ಪು ಬಂದು ಕೂಲಿ ಕಡಿತವಾದರೂ ಕೆಲವರು ಬಿಡಲಿಲ್ಲ. ಶೆಡ್ಡಿನಲ್ಲಿ ನಿಂತು ಒಂದೊಂದೇ ಕಿವಿ ನೋಡುತ್ತಾ ಹೋಗುವಾಗ ದೊಡ್ಡವಳ ಹೊಟ್ಟೆ ತಣ್ಣಗಾಗುತ್ತಿತ್ತು. ಬದುಕಿನಲ್ಲಿ ಅವಳಿಗೆ ಸಿಕ್ಕ ಒಳ್ಳೆಯ ದಿನಗಳು ಅಂದರೆ ಅವೇ. ತುಂಬಾ ಇರಲಿಲ್ಲ.

ಒಂದು ಬೆಳಿಗ್ಗೆ ಚಿಕ್ಕವಳ ಪಕ್ಕದ ಮಗ್ಗದ ಲಾಳಿ ದಾರಿ ತಪ್ಪಿ ಹಾರಿತು. ಲಾಳಿ ಅಂದರೆ ಎರಡೂ ತುದಿಗೆ ಲೋಹದ ಮೊನೆ ಇರುವ ಮರದ ತುಂಡು, ಮಗ್ಗದೊಳಗೆ ಗುಂಡಿನ ಹಾಗೆ ಆಚೀಚೆ ಓಡುವಂಥದ್ದು. ಅದು ಬಂದು ಅವಳ ಕಣ್ಣಿನ ಕೆಳಗೆ ಹೊಡೆಯಿತು. ಕಣ್ಣು ಉಳಿಯಿತು. ಕೆನ್ನೆಯ ಮೂಳೆ ಮುರಿದು, ಆ ಕಡೆಯ ಮುಖ ಸ್ವಲ್ಪ ಜೋತುಬಿತ್ತು.

ಲಾಳಿ ಹಾರುವ ಮುಂಚೆ ಅದರ ಬಡಿತ ಬದಲಾಗುತ್ತದೆ, ಮಗ್ಗದವರು ಆ ಸದ್ದಿಗೆ ಪಕ್ಕಕ್ಕೆ ಸರಿಯುತ್ತಾರೆ. ಬತ್ತಿ ಇತ್ತಲ್ಲ, ಅದಕ್ಕೇ ಕೇಳಿಸಲಿಲ್ಲ. ಹೀಗಂತ ಮೊದಲು ಯಾರು ಅಂದರೋ, ಮಧ್ಯಾಹ್ನದೊಳಗೆ ಬೀದಿಯೆಲ್ಲ ಅದೇ ಮಾತು. ಬಿರಡೆ ಹಾಕಿದರೂ ಅಷ್ಟು ಸದ್ದು ಕೇಳಿಸುತ್ತದೆ ಅಂತ ದೊಡ್ಡವಳು ಓದಿದ್ದಳು. ಆದರೆ ತಂಗಿಯ ಕಿವಿಗೆ ಕೇಳಿಸಿತ್ತೋ ಇಲ್ಲವೋ, ಅವಳು ಎದೆ ಮುಟ್ಟಿಕೊಂಡು ಹೇಳಬಲ್ಲಳೇ?

ಮರುದಿನ ಅವಳು ಶೆಡ್ಡಿಗೆ ಹೋದಾಗ ಯಾರೂ ಬೈಯಲಿಲ್ಲ. ಎಲ್ಲರಿಗಿಂತ ಹಿರಿಯ ಹೆಂಗಸು ಹತ್ತಿರ ಬಂದು ತನ್ನ ಕಿವಿಯ ಬತ್ತಿ ತೆಗೆದು ಅವಳ ಅಂಗೈಯಲ್ಲಿಟ್ಟು, ಕೈ ಮುಚ್ಚಿಸಿ, ತಟ್ಟಿ ಹೋದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಇನ್ನೊಬ್ಬಳು. ಅಂಗೈ ಸಾಲದೆ ಸೆರಗು ಒಡ್ಡಬೇಕಾಯಿತು. ಮಾಲೀಕ ದೂರದಿಂದಲೇ, ಸಾಕಮ್ಮ, ಇನ್ನು ಕೆಳಗೆ ಬರಬೇಡ ಅಂತ ಕೈ ಮಾಡಿದ.

ಅಪ್ಪ ಮಾತ್ರ ಮೆಟ್ಟಿಲ ಮೇಲೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದ. "ಬತ್ತಿಯಿಂದ ಆದದ್ದಲ್ಲ ಅದು! ಆ ಮಗ್ಗದಲ್ಲಿ ಲಾಳಿ ಹೊಡೆಯೋ ತೊಗಲು ಪಟ್ಟಿ ಸವೆದಿತ್ತು. ನನ್ನ ಕಿವಿ ನೆಟ್ಟಗಿದ್ದಿದ್ರೆ ವಾರದ ಹಿಂದೇನೇ ಹೇಳ್ತಿದ್ದೆ!" ಕೆಲಸ ಹೋದ ಕಿವುಡ ಮುದುಕನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಚಿಕ್ಕವಳು ಅಕ್ಕನ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ. "ನಾನೇ ಎಲ್ಲೋ ನೋಡ್ತಾ ನಿಂತಿದ್ದೆ ಬಿಡು" ಅಂದಳು. ಗಾಯ ಮಾಗಿದ ಮೇಲೆ ಮತ್ತೆ ಮಗ್ಗಕ್ಕೆ ಹೋದಳು, ಬತ್ತಿ ಇಲ್ಲದೆ. ದೊಡ್ಡವಳು ಕೊಡಲೂ ಇಲ್ಲ.

ಇನ್ನು ಈ ಮನೆಯಿಂದ ಎಲ್ಲರನ್ನೂ ಎಬ್ಬಿಸಿಕೊಂಡು ಹೋಗುವುದೊಂದೇ ದಾರಿ ಅಂತ ಅವಳು ಕೆಲಸ ಹುಡುಕತೊಡಗಿದಳು. ದೂರದ ಪಟ್ಟಣದ ಸಂಸ್ಥೆಯೊಂದು, ಪರಿಸರ ಆರೋಗ್ಯದ ಪ್ರಚಾರಕ್ಕೇ ಜನ ಬೇಕು ಅಂತ, ಕಂಪ್ಯೂಟರಿನಲ್ಲೇ ಸಂದರ್ಶನಕ್ಕೆ ಕರೆಯಿತು. ಬೀದಿಯ ಕೊನೆಯ ಸೈಬರ್ ಅಂಗಡಿಯ ಒಳಕೋಣೆಯಲ್ಲಿ ಕೂತಳು. ತಂಗಿ ಬಾಗಿಲ ಹತ್ತಿರ ನಿಂತಿದ್ದಳು. ಪರದೆಯ ಮೇಲೆ ಮೂರು ಮುಖ, ಅಂಗೈ ಅಗಲದವು, ಮಾತಿಗೂ ತುಟಿಗೂ ತಾಳವೇ ಇಲ್ಲ. ಒಬ್ಬಾತ ಏನೋ ಕೇಳಿದ. ಅವಳು ಊಹಿಸಿ, ಶೆಡ್ಡಿನಲ್ಲಿ ತಾನು ಮಾಡಿದ ಕೆಲಸವನ್ನು ಉತ್ಸಾಹದಿಂದ ಹೇಳಿದಳು. ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅವನು ಮತ್ತೆ ಕೇಳಿದ. ಅವಳು ಮುಗುಳ್ನಗುತ್ತಾ ತಲೆಯಾಡಿಸಿದಳು.

ಹೊರಗೆ ಬಂದು, "ಚೆನ್ನಾಗೇ ಆಯ್ತು ಅನ್ಸತ್ತೆ" ಅಂದಳು.

"ಅಕ್ಕಾ, ಅವರು ಕೇಳಿದ್ದು ನೀನು ಯಾವಾಗಿಂದ ಸೇರ್ಕೋಬಹುದು ಅಂತ" ಅಂದಳು ಚಿಕ್ಕವಳು. "ಎರಡು ಸಲ ಕೇಳಿದ್ರು."

ಆ ಕೆಲಸ ಬೇರೆಯವರಿಗೆ ಹೋಯಿತು. ಆಮೇಲೆ ಇನ್ನೂ ಒಂದೆರಡು ಕಡೆ ಹೀಗೇ ಆಯಿತು. ಕೊನೆಗೆ ಅಮ್ಮನೇ ಹೋಗಿ ಮಾಲೀಕನ ಹತ್ತಿರ ಮಾತಾಡಿ, ಬಟ್ಟೆ ನೋಡುವ ಕೋಣೆಯಲ್ಲಿ ಅವಳಿಗೆ ಜಾಗ ಮಾಡಿಸಿದಳು. ನೇಯ್ದ ಬಟ್ಟೆಯನ್ನು ಗಾಜಿನ ಮೇಜಿನ ಮೇಲೆ ಹರಡಿ, ಕೆಳಗಿನ ದೀಪದ ಬೆಳಕಿನಲ್ಲಿ ತಪ್ಪಿದ ಎಳೆಗಳಿಗೆ ಸೀಮೆಸುಣ್ಣದ ಗುರುತು ಹಾಕುವ ಕೆಲಸ. ಕಣ್ಣಿದ್ದರೆ ಸಾಕು. ಶೆಡ್ಡಿಗೂ ಆ ಕೋಣೆಗೂ ನಡುವೆ ಒಂದೇ ಹಲಗೆ ಗೋಡೆ. ಹೊಸದಾಗಿ ಬಂದ ಕೆಲಸದವರು ಅವಳನ್ನು ಕಿವಿ ಟೀಚರ್ ಅಂತಲೇ ಕರೆಯುತ್ತಾರೆ. ಕಿವಿ ಕೇಳಿಸದವಳು ಅಂತ ಇಟ್ಟ ಅಡ್ಡಹೆಸರು ಅಂದುಕೊಂಡಿದ್ದಾರೆ.

ಮೂರು ವರ್ಷ ಕಳೆಯಿತು. ಕಿವಿ ಡಾಕ್ಟರು ಒಂದು ಶ್ರವಣಯಂತ್ರ ಕೊಟ್ಟರು. ಅದನ್ನು ಹಾಕಿಕೊಂಡು ಕೆಲಸಕ್ಕೆ ಹೋದ ಮೊದಲ ದಿನವೇ ಕಿತ್ತು ತೆಗೆಯಬೇಕಾಯಿತು. ಮಾತಿಗಿಂತ ಮೊದಲು ಅದು ಮಗ್ಗವನ್ನೇ ದೊಡ್ಡದು ಮಾಡಿ ತಲೆಯೊಳಗೆ ಸುರಿಯಿತು. ಅಲ್ಲಿಂದ ಅವಳು ಅದನ್ನು ಹಾಕಿಕೊಳ್ಳುವುದು ವಾರದ ರಜೆಯ ದಿನ ಮಾತ್ರ, ಮಗ್ಗ ನಿಂತಾಗ.

ಅಂಥದೊಂದು ರಜೆಯ ಮಧ್ಯಾಹ್ನ ಅಕ್ಕತಂಗಿ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದರು. ಚಿಕ್ಕವಳು ಸುಮ್ಮನೆ ಕೈ ಚಾಚಿ, "ಕೊಡೇ ಇಲ್ಲಿ, ನಾನೊಂದು ಸಲ ಹಾಕಿ ನೋಡ್ತೀನಿ. ನನ್ನ ದನಿ ನಿನಗೆ ಹೆಂಗೆ ಕೇಳತ್ತೋ ಏನೋ" ಅಂದಳು. ದೊಡ್ಡವಳು ಯಂತ್ರ ತೆಗೆದು ತಂಗಿಯ ಕಿವಿಗೆ ತಾನೇ ಸಿಕ್ಕಿಸಿದಳು. ನೆಟ್ಟಗಿರುವ ಕಿವಿಗೆ ಅದು ಹಿಂಸೆ. ಮುಖ ಕಿವುಚಿ ಕಿತ್ತೆಸೆಯುತ್ತಾಳೆ ಅಂತ ನಗುತ್ತಾ ಕಾದಳು.

ಚಿಕ್ಕವಳು ಮುಖ ಕಿವುಚಲಿಲ್ಲ. ತಲೆ ಒಂದು ಕಡೆಗೆ ವಾಲಿಸಿ ನಿಂತಳು. ಜೋತುಬಿದ್ದ ಆ ಕೆನ್ನೆಯ ಮೇಲೂ ಬೆರಗು ಏರಿತು.

"ಅಕ್ಕಾ, ಕೆಳಗೆ ಯಾರೋ ಅಂಗಳ ಗುಡಿಸ್ತಿದಾರೆ. ಪೊರಕೆ ಸದ್ದು ಕೇಳ್ತಿದೆ ನೋಡು."

ದೊಡ್ಡವಳು ಅವಳ ತುಟಿಯನ್ನೇ ನೋಡುತ್ತಿದ್ದಳು. "ಜೋರು ಅನ್ಸಲ್ವಾ?"

"ಇಲ್ಲಪ್ಪ. ಸರಿಯಾಗಿದೆ. ಇಷ್ಟೇ ತಾನೆ ಕೇಳಬೇಕಾದ್ದು?" ಒದ್ದೆ ಬಟ್ಟೆಯೊಂದನ್ನು ಎತ್ತಿ ಕೊಡವಿ, ಆ ಸದ್ದನ್ನು ಕೇಳಿ, ಇನ್ನೊಮ್ಮೆ ಕೊಡವಿದಳು. "ಯಾಕೆ ಹಂಗೆ ನೋಡ್ತೀಯಾ? ವಾಪಸ್ ಬೇಕಾ?"

"ಬೇಡ. ಸಾಯಂಕಾಲದವರೆಗೂ ಇಟ್ಕೋ."

ಚಿಕ್ಕವಳಿಗೆ ಖುಷಿಯೋ ಖುಷಿ. ಮನೆಯೊಳಗೆ ಓಡಿ ಅಮ್ಮನ ಹಿಂದೆ ಮುಂದೆ ಸುತ್ತುತ್ತಾ ಮಾತಾಡಿದ್ದೇ ಮಾತಾಡಿದ್ದು. ದೊಡ್ಡವಳು ಉಳಿದ ಬಟ್ಟೆಗಳನ್ನು ಹರವಿ ಬುಟ್ಟಿ ಖಾಲಿ ಮಾಡಿದಳು. ಮರುದಿನ ಬೆಳಿಗ್ಗೆ ಮಗ್ಗ ಶುರುವಾಗುವ ಹೊತ್ತಿಗೆ ಇಬ್ಬರೂ ಮೆಟ್ಟಿಲು ಇಳಿದರು. ಒಬ್ಬಳು ಶೆಡ್ಡಿಗೆ ಹೋದಳು, ಒಬ್ಬಳು ಗಾಜಿನ ಮೇಜಿಗೆ.